ಇನ್ನೊಬ್ಬ ಭಂಡಾರಿ: ಕಡಿಮೆ ಜನರ ನಾಯಕ ಉಳಿಸಿಹೋಗುವುದೇನು?

(ದೇವಸುಗೂರಿನಲ್ಲಿ ನವೆಂಬರ್ ತಿಂಗಳ ಶರಣ ಚಿಂತನ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಭಂಡಾರಿ ಎಂದರೆ ನಮ್ಮಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಕಲ್ಯಾಣದ ಭಂಡಾರಿ ಬಸವಣ್ಣನವರು. ಇವತ್ತು ನಾನು ಇನ್ನೊಬ್ಬ ಭಂಡಾರಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಅವರ ಹೆಸರು ಕಳ್ಳಿಗೆ ಮಹಾಬಲ ಭಂಡಾರಿ. ಊರು ಕಾಸರಗೋಡಿನ ಕಡೆ. ವೃತ್ತಿಯಿಂದ ವಕೀಲರು. ಕೇರಳ ರಾಜ್ಯದೊಳಗೆ ಉಳಿದುಹೋದ ಕನ್ನಡಿಗರ ಪಕ್ಷವಾದ ಕರ್ನಾಟಕ ಸಮಿತಿಯ ನಾಯಕರು. ರಾಯಚೂರಿನ ನಮಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಮತ್ತು ಅದು ಒಂದೇ ತಾರೀಖಿನಲ್ಲಿ ಇದೆ.

1956ರ ನವೆಂಬರ್ 1. ಆ ದಿನ ಹೈದರಾಬಾದ್ ರಾಜ್ಯ ಒಡೆದು ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಮ್ಮ ಹಿರಿಯರು ಹಬ್ಬ ಮಾಡಿದರು. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ನಾವು ಮನೆಗೆ ಬಂದ ಹೊತ್ತಿಗೆ ಅವರು ಮನೆಯಿಂದ ಹೊರಗಾದರು. ಪ್ರತಿ ವರ್ಷ ರಾಜ್ಯೋತ್ಸವದ ದಿನ ನಾವು ಒಂದು ಕಣ್ಣಿನಿಂದ ಮಾತ್ರ ನೋಡುತ್ತೇವೆ. ಇವತ್ತು ಇನ್ನೊಂದು ಕಣ್ಣನ್ನೂ ತೆರೆಯೋಣ.

ನಮ್ಮ ಅಜ್ಜಂದಿರಿಗೆ ಈ ನೋವು ಹೊಸದಾಗಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು, ಉನ್ನತ ಶಿಕ್ಷಣದ ಭಾಷೆಯೂ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದೇ ಉರ್ದು ಮಾಧ್ಯಮದಲ್ಲಿ. ಕನ್ನಡ ಮನೆಯಲ್ಲಿ, ಹೊಲದಲ್ಲಿ, ಮಠದಲ್ಲಿ ಉಳಿದಿತ್ತು. ಆ ದಿನಗಳಲ್ಲಿ, 1934ರಲ್ಲಿ, ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರಾಗಿ ಬಂದವರು ಯಾರು ಗೊತ್ತೇ? ಪಂಜೆ ಮಂಗೇಶರಾಯರು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದವರು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲ್ಲೂಕು. ನಾವು ಕಡಿಮೆ ಸಂಖ್ಯೆಯಲ್ಲಿ ಇದ್ದಾಗ ಆ ಕರಾವಳಿಯ ಜನ ನಮ್ಮ ಊರಿಗೆ ಬಂದು ನಮ್ಮ ಜೊತೆ ಕುಳಿತರು. ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅವರ ಜಿಲ್ಲೆಯ ತುದಿಯೇ ಕತ್ತರಿಸಿ ಹೋಯಿತು.

ಆ ತುದಿ ಎಂಥದ್ದು ಎಂದು ಸ್ವಲ್ಪ ತಿಳಿದುಕೊಳ್ಳಬೇಕು. ಕಾಸರಗೋಡು ಪಟ್ಟಣದ ದಕ್ಷಿಣಕ್ಕೆ ಚಂದ್ರಗಿರಿ ನದಿ ಹರಿಯುತ್ತದೆ. ನದಿಯ ಉತ್ತರಕ್ಕೆ ಮಂಜೇಶ್ವರ, ಕುಂಬಳೆ, ಬದಿಯಡ್ಕ. ಮನೆಮಾತು ಒಂದೇ ಅಲ್ಲ. ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಂ, ಮರಾಠಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಆದರೆ ಶಾಲೆಯ ಮಾತು, ಪತ್ರಿಕೆಯ ಮಾತು, ಯಕ್ಷಗಾನದ ಮಾತು ಕನ್ನಡ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿ ಬರೆದದ್ದು ಮಂಜೇಶ್ವರದಲ್ಲಿ. 1948ರಲ್ಲಿ ಕಾಸರಗೋಡಿನಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಎಂಟು ವರ್ಷ ಮುಗಿಯುವಷ್ಟರಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗದ ಶಿಫಾರಸಿನಂತೆ ಇಡೀ ತಾಲ್ಲೂಕು ಮಲಬಾರಿನ ಜೊತೆ ಕೇರಳಕ್ಕೆ ಸೇರಿತು.

ಜನ ಏನು ಮಾಡಿದರು? ಮೆರವಣಿಗೆ ಮಾಡಿದರು, ಸತ್ಯಾಗ್ರಹ ಮಾಡಿದರು. ಕಯ್ಯಾರ ಕಿಞ್ಞಣ್ಣ ರೈಗಳು ಕವಿತೆ ಕಟ್ಟಿ ಊರೂರು ಎಬ್ಬಿಸಿದರು. ಜೊತೆಗೆ ಅವರು ಮತಪೆಟ್ಟಿಗೆಯನ್ನೂ ಬಿಡಲಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ. ಮಂಜೇಶ್ವರ ಕ್ಷೇತ್ರದಲ್ಲಿ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಅಷ್ಟು ದೊಡ್ಡ ಪಕ್ಷಗಳಿರುವ ರಾಜ್ಯದಲ್ಲಿ ಆ ಒಂದು ಕ್ಷೇತ್ರದಲ್ಲಿ ಎದುರಿಗೆ ಯಾರೂ ನಿಲ್ಲಲಿಲ್ಲ ಎಂದರೆ ಊರಿನ ಮನಸ್ಸು ಹೇಗಿತ್ತು ಎಂದು ಊಹಿಸಿ.

ಅವರ ನಂತರ ಬಂದವರು ಮಹಾಬಲ ಭಂಡಾರಿಯವರು. 1960ರಲ್ಲಿ ಕರ್ನಾಟಕ ಸಮಿತಿಯಿಂದ ಮಂಜೇಶ್ವರದಲ್ಲಿ ಗೆದ್ದರು. ಆ ಸಭೆಯಲ್ಲಿ 126 ಸ್ಥಾನಗಳು. ಸಮಿತಿಯ ಸ್ಥಾನ ಒಂದು. 1965ರಲ್ಲಿ ಮತ್ತೆ ಗೆದ್ದರು. ಆದರೆ ಆ ವರ್ಷ ಯಾರಿಗೂ ಬಹುಮತ ಬರಲಿಲ್ಲ, ಸರ್ಕಾರ ರಚನೆಯಾಗಲಿಲ್ಲ, ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಗೆದ್ದ ಶಾಸಕ ಒಂದು ಮಾತೂ ಆಡುವ ಹಾಗಿಲ್ಲ! 1967ರಲ್ಲಿ ಮೂರನೆಯ ಬಾರಿ ಗೆದ್ದರು. ಆ ಸಲ ಪಕ್ಕದ ಕಾಸರಗೋಡು ಕ್ಷೇತ್ರದಲ್ಲೂ ಕನ್ನಡ ಹೋರಾಟದ ಯು.ಪಿ. ಕುಣಿಕುಳ್ಳಾಯರು ಗೆದ್ದರು. ಆಗ ಸಭೆಯಲ್ಲಿ ಒಟ್ಟು 133 ಸ್ಥಾನಗಳು, ಕನ್ನಡದ ದನಿ ಎರಡು. ಸಮಿತಿಯ ಹೆಸರು ಅಷ್ಟು ಎತ್ತರಕ್ಕೆ ಮತ್ತೆಂದೂ ಏರಲಿಲ್ಲ.

ಇಲ್ಲಿ ನಿಂತು ಒಂದು ಲೆಕ್ಕ ಮಾಡೋಣ. ಕಡಿಮೆ ಜನರ ಪಕ್ಷದ ನಾಯಕನಿಗೆ ಹೆಸರು ಹೇಗೆ ಬರುತ್ತದೆ? ಆ ಜನ ಒಂದೇ ಕಡೆ ಒತ್ತಾಗಿ ನೆಲೆಸಿದ್ದರೆ ಆ ಒಂದು ಕ್ಷೇತ್ರದಲ್ಲಿ ಅವನನ್ನು ಸೋಲಿಸುವುದು ಕಷ್ಟ. ಊರಿನಲ್ಲಿ ಅವನು ದೊಡ್ಡ ಮನುಷ್ಯ. ರಾಜಧಾನಿಗೆ ಹೋದರೆ ಒಂಟಿ. ಕ್ಷೇತ್ರದ ಗೆರೆ ಸ್ವಲ್ಪ ಅಗಲವಾದರೂ ಸಾಕು, ಅವನ ಬಲ ಕರಗುತ್ತದೆ. ಕಾಸರಗೋಡು ಲೋಕಸಭಾ ಕ್ಷೇತ್ರವನ್ನೇ ನೋಡಿ. ಅದು ದಕ್ಷಿಣಕ್ಕೆ ಬಹಳ ದೂರ ಚಾಚಿತ್ತು. 1957, 1962, 1967 ಮೂರು ಬಾರಿಯೂ ಅಲ್ಲಿ ಗೆದ್ದವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಮಂಜೇಶ್ವರದ ಒಗ್ಗಟ್ಟು ದೆಹಲಿಯವರೆಗೆ ಮುಟ್ಟಲಿಲ್ಲ.

ಹಾಗಾದರೆ ಇಂಥ ನಾಯಕನ ಮುಂದೆ ಇರುವ ದಾರಿ ಯಾವುದು? ಸಂಖ್ಯೆಯಿಂದ ಗೆಲ್ಲಲಾರ. ನ್ಯಾಯದಿಂದ ಗೆಲ್ಲಬೇಕು. ಪುರಾವೆ ಕೊಡಬೇಕು, ಅರ್ಜಿ ಬರೆಯಬೇಕು, ಕಾಯಬೇಕು. ಕಾಸರಗೋಡಿನ ಜನ ಅದನ್ನೇ ಮಾಡಿದರು. 1966ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಿಸಿತು. ಅದು ಬಂದದ್ದು ಮುಖ್ಯವಾಗಿ ಬೆಳಗಾವಿಯ ವಿಷಯಕ್ಕೆ, ಮಹಾರಾಷ್ಟ್ರದ ಒತ್ತಾಯದಿಂದ. ಕಾಸರಗೋಡಿನವರು ತಮ್ಮ ಅಹವಾಲನ್ನೂ ಅದರ ಮುಂದೆ ಇಟ್ಟರು. 1967ರ ಆಗಸ್ಟ್‌ನಲ್ಲಿ ವರದಿ ಬಂತು. ಬೆಳಗಾವಿ ಮೈಸೂರಿನಲ್ಲೇ ಉಳಿಯಲಿ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಆಯೋಗ ಹೇಳಿತು.

ಅರ್ಜಿ ಗೆದ್ದಿತು. ನೆಲ ಬರಲಿಲ್ಲ. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ, ಕೇಂದ್ರ ಜಾರಿ ಮಾಡಲಿಲ್ಲ. 1970ರ ಚುನಾವಣೆಯಲ್ಲಿ ಮಂಜೇಶ್ವರ ಸಮಿತಿಯ ಕೈತಪ್ಪಿತು. ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಗೆದ್ದರು. ಮುಂದೆ ಅದೇ ಪಕ್ಷದ ಡಾ. ಎ. ಸುಬ್ಬರಾವ್ ಗೆದ್ದರು. 1987ರಿಂದ ಹೆಚ್ಚಾಗಿ ಮುಸ್ಲಿಂ ಲೀಗ್ ಗೆಲ್ಲುತ್ತಾ ಬಂದಿದೆ. ಒಂದೇ ಬೇಡಿಕೆಯ ಮೇಲೆ ನಿಂತ ಪಕ್ಷಕ್ಕೆ ಇದೇ ಗತಿ. ಬೇಡಿಕೆ ಈಡೇರಿದರೂ ಅದಕ್ಕೆ ಕೆಲಸವಿಲ್ಲ, ಈಡೇರದೆ ಹೋದರೂ ಜನ ಎಷ್ಟು ವರ್ಷ ಕಾದಾರು? ಅವರಿಗೆ ರಸ್ತೆ ಬೇಕು, ನೀರು ಬೇಕು, ಅಡಿಕೆಗೆ ಬೆಲೆ ಬೇಕು.

ಹಾಗಾದರೆ ಭಂಡಾರಿಯವರ ಬದುಕು ಸೋಲೇ? ಬಂಧುಗಳೇ, ನಾನು ಈ ಪ್ರಶ್ನೆ ಕೇಳುವುದಕ್ಕೇ ಇವತ್ತು ಬಂದಿರುವುದು. ಉತ್ತರ ಹೇಳುವ ಮೊದಲು ಎರಡು ಸಂಗತಿ ನಿಮ್ಮ ಮುಂದೆ ಇಡುತ್ತೇನೆ.

ಒಂದು, ಕೇರಳದ 1969ರ ಆಡಳಿತ ಭಾಷೆಗಳ ಕಾನೂನು ಮತ್ತು ಅದರ ತಿದ್ದುಪಡಿ. ಆಡಳಿತ ಮಲಯಾಳಂ ಮತ್ತು ಇಂಗ್ಲಿಷ್‌ನಲ್ಲಿ. ಆದರೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದು ಅದರಲ್ಲಿ ಸೇರಿತು. ಇದನ್ನು ಒಬ್ಬ ಭಂಡಾರಿಯವರೇ ತಂದುಕೊಟ್ಟರು ಎಂದು ನಾನು ಹೇಳುವುದಿಲ್ಲ. ಹಕ್ಕು ಯಾವತ್ತೂ ಒಬ್ಬರಿಂದ ಬರುವುದಿಲ್ಲ. ಆದರೆ ಹತ್ತು ವರ್ಷ ಪ್ರತಿ ಚುನಾವಣೆಯಲ್ಲೂ ಒಂದು ಮೂಲೆಯ ಜನ ‘ನಾವಿದ್ದೇವೆ’ ಎಂದು ಹೇಳದೆ ಹೋಗಿದ್ದರೆ, ತಿರುವನಂತಪುರದ ಕಾನೂನಿನಲ್ಲಿ ಕನ್ನಡ ಎಂಬ ಶಬ್ದ ಬರುತ್ತಿತ್ತೇ ಎಂದು ನೀವೇ ಯೋಚಿಸಿ.

ಎರಡು, 2021ರ ಮೇ ತಿಂಗಳು. ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಪಕ್ಷ ಮುಸ್ಲಿಂ ಲೀಗ್. ಭಾಷೆ ಕನ್ನಡ. ಕರ್ನಾಟಕ ಸಮಿತಿಯ ಬಾವುಟ ಇಳಿದು ಅರ್ಧ ಶತಮಾನ ಕಳೆದಿತ್ತು. ಆದರೂ ಆ ಊರಿನ ಪ್ರತಿನಿಧಿ ಯಾವ ಪಕ್ಷದವರಾಗಿರಲಿ, ಯಾವ ಧರ್ಮದವರಾಗಿರಲಿ, ಅಲ್ಲಿ ನಿಂತು ಕನ್ನಡದಲ್ಲಿ ಮಾತಾಡುವುದು ಮರ್ಯಾದೆಯ ಸಂಗತಿಯಾಗಿ ಉಳಿದಿದೆ.

ನನ್ನ ಉತ್ತರ ಇಷ್ಟೇ. ಭಂಡಾರಿ ಎಂದರೆ ಭಂಡಾರ ಕಾಯುವವನು. ಭಂಡಾರ ಅವನದಲ್ಲ. ಬಸವಣ್ಣನವರು ಅರಮನೆಯ ಭಂಡಾರವನ್ನು ಒಂದು ಕಾಸೂ ತಮ್ಮದೆನ್ನದೆ ಕಾದರು. ಕಡಿಮೆ ಜನರ ನಾಯಕನ ಕೆಲಸವೂ ಅದೇ. ಅವನು ಎಷ್ಟು ಸಲ ಗೆದ್ದ, ಎಷ್ಟು ದೊಡ್ಡ ಹಾರ ಬಿತ್ತು ಎಂಬುದು ಅವನ ಅಳತೆಯಲ್ಲ. ಅವನ ಪಕ್ಷ ಅಳಿದ ಮೇಲೆಯೂ ಅವನ ಜನರ ಮಗು ತನ್ನ ಮಾತಿನಲ್ಲಿ ಅಕ್ಷರ ಕಲಿಯುತ್ತದೆಯೇ, ಅವನ ವಿರೋಧಿಯೂ ಆ ಮಾತಿಗೆ ತಲೆಬಾಗುತ್ತಾನೆಯೇ, ಇದು ಅಳತೆ. ಅವರು ಕೇಳಿದ ನೆಲ ಬರಲಿಲ್ಲ. ಕಾದ ಭಂಡಾರ ಇನ್ನೂ ಖಾಲಿಯಾಗಿಲ್ಲ.

ಇನ್ನೂ ಎಂದೆ. ಯಾಕೆಂದರೆ ಅದು ಭದ್ರವಾಗಿಯೂ ಇಲ್ಲ. 2017ರಲ್ಲಿ ಕೇರಳದ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಎಂದು ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಬೀದಿಗೆ ಬರಬೇಕಾಯಿತು. ಕಾವಲು ಒಂದು ತಲೆಮಾರಿಗೆ ಮುಗಿಯುವ ಕೆಲಸವಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸಿದಿರಿ. ಕೇರಳದವರು ಮಾಡಿದ್ದು ತಪ್ಪು ಎಂದು ನಮಗೆಲ್ಲ ಬೇಗ ಅನ್ನಿಸುತ್ತದೆ. ಈಗ ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಸಹಿಸಬೇಕು.

ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಇದೆ. ಅದೂ ಒಂದು ಭಾಷೆಯ ಕಡಿಮೆ ಜನರ ಪಕ್ಷ. ಒಂದು ಕಾಲದಲ್ಲಿ ಅದರ ಶಾಸಕರು ನಮ್ಮ ವಿಧಾನಸಭೆಯಲ್ಲಿ ಕೂತಿದ್ದರು. 2013ರಲ್ಲಿ ಎರಡು ಸ್ಥಾನ ಬಂದವು, 2018ರಲ್ಲಿ ಒಂದೂ ಬರಲಿಲ್ಲ, 2023ರಲ್ಲೂ ಬರಲಿಲ್ಲ. ಕರ್ನಾಟಕ ಸಮಿತಿ ನಡೆದ ದಾರಿಯಲ್ಲೇ ಅದೂ ನಡೆಯುತ್ತಿದೆ. ಭಂಡಾರಿಯವರನ್ನು ಹೊಗಳುವ ನಾವು ಬೆಳಗಾವಿಯ ಸಮಿತಿಯನ್ನು ಬೈಯುತ್ತೇವೆ. ಬೆಳಗಾವಿ ನಮ್ಮದು, ಆಯೋಗ ಹೇಳಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಡಿಯ ಬೇಡಿಕೆ ಬೇರೆ, ಮಗುವಿನ ಮಾತು ಬೇರೆ. ಮಂಜೇಶ್ವರದ ಮಗುವಿಗೆ ಕನ್ನಡ ಶಾಲೆ ಹಕ್ಕು ಎಂದಾದರೆ ಖಾನಾಪುರದ ಮಗುವಿಗೆ ಮರಾಠಿ ಶಾಲೆಯೂ ಹಕ್ಕು. ತಕ್ಕಡಿ ಒಂದೇ ಇರಬೇಕು. ಕೊಳ್ಳುವಾಗ ಒಂದು, ಕೊಡುವಾಗ ಒಂದು ಇಟ್ಟುಕೊಂಡವನನ್ನು ಶರಣರು ವ್ಯಾಪಾರಿ ಎಂದೂ ಒಪ್ಪಲಿಲ್ಲ.

ಬೆಳಗಾವಿ ದೂರ. ನಮ್ಮ ಅಂಗಳಕ್ಕೆ ಬನ್ನಿ. ಇಲ್ಲಿಂದ ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಆ ದಡದ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮನೆಮಾತಿನ ಜನ ಇದ್ದಾರೆ. ಈ ದಡದಲ್ಲಿ ತೆಲುಗು ಮನೆಮಾತಿನ ಜನ ಇದ್ದಾರೆ. 1956ರಲ್ಲಿ ನಮ್ಮದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದರೂ ನೆಂಟಸ್ತಿಕೆ ತುಂಡಾಗಲಿಲ್ಲ. ಸೂಗೂರೇಶ್ವರನ ಜಾತ್ರೆಗೆ ಎರಡು ದಡದವರೂ ಬರುತ್ತಾರೆ. ಸೂಗಪ್ಪ, ಸೂಗಮ್ಮ ಎಂಬ ಹೆಸರು ಎರಡು ಭಾಷೆಯ ಮನೆಗಳಲ್ಲೂ ಇದೆ. ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಿಗೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಐವತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲೇ ಬೆವರು ಸುರಿಸಿ ಭತ್ತ ಬೆಳೆದಿವೆ. ರಾಯಚೂರು ನಗರದ ಓಣಿ ಓಣಿಯಲ್ಲಿ ಉರ್ದು ಇದೆ. 1720 ಮೆಗಾವಾಟ್‌ನ ಈ ವಿದ್ಯುತ್ ಸ್ಥಾವರ ಬಂದ ಮೇಲೆ ಶಕ್ತಿನಗರದಲ್ಲಿ ಎಷ್ಟೋ ಕಡೆಯ ಮಾತು ಕೇಳುತ್ತೇವೆ. ಇವರೆಲ್ಲರ ಎದುರಿಗೆ ನಾವು ಹೆಚ್ಚು ಜನ. ಅಂದರೆ ಇಲ್ಲಿ ತಿರುವನಂತಪುರ ನಾವೇ.

ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. ನಾನು ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ತೆಲುಗು ಮನೆಯ ಹುಡುಗನೊಬ್ಬ ಒಂದನೇ ತರಗತಿಗೆ ಬಂದಿದ್ದ. ಬೇಸಿಗೆಯ ದಿನ. ಎದ್ದು ನಿಂತು ‘ನೀಳ್ಳು’ ಎಂದ. ನನಗೆ ಅರ್ಥವಾಗಿತ್ತು. ನಮ್ಮ ನೀರಿಗೂ ಅವನ ನೀಳ್ಳಿಗೂ ಎಷ್ಟು ದೂರ? ಆದರೂ ಹೊಸ ಹುರುಪು ನನ್ನದು. ಕನ್ನಡದಲ್ಲಿ ಕೇಳು, ಆಮೇಲೆ ಹೋಗು ಎಂದೆ. ಉಳಿದ ಹುಡುಗರು ನಕ್ಕರು. ಅವನು ಕೂತುಬಿಟ್ಟ. ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ನೀರು ಕುಡಿಯಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಅವತ್ತು ನಾನು ಕನ್ನಡ ಕಲಿಸಿದೆ ಎಂದುಕೊಂಡಿದ್ದೆ. ನಾನು ಕಲಿಸಿದ್ದು ಕನ್ನಡವೆಂದರೆ ಬಾಯಾರಿಕೆ ಎಂದು. ಮುಂದೆ ಅವನು ಚೆನ್ನಾಗಿಯೇ ಕನ್ನಡ ಕಲಿತ. ಕಲಿತದ್ದು ನನ್ನಿಂದಲ್ಲ, ಅವನ ಜೊತೆ ಗೋಲಿ ಆಡಿದ ಹುಡುಗರಿಂದ.

ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರು, ಸೌರಾಷ್ಟ್ರದಿಂದ ಆದಯ್ಯನವರು ಬಂದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಇಬ್ಬರೂ ಕನ್ನಡದಲ್ಲಿ ವಚನ ಬರೆದರು. ಅವರನ್ನು ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಮೊದಲು ಕನ್ನಡ ಕಲಿತು ಬಾ ಎಂದರೇ? ಒಳಗೆ ಕರೆದರು, ಪ್ರಸಾದ ಕೊಟ್ಟರು, ಕುಳ್ಳಿರಿಸಿದರು. ಭಾಷೆ ತಾನಾಗಿ ಬಂತು. ಸಂಸ್ಕೃತದ ಗೋಡೆಯನ್ನು ದಾಟಿ ದುಡಿಯುವವನ ಬಾಯಿಯ ಮಾತಿಗೆ ಮರ್ಯಾದೆ ಕೊಟ್ಟವರು ಶರಣರು. ಅವರ ವಾರಸುದಾರರು ನಾವೆಂದು ಹೇಳಿಕೊಳ್ಳುವಾಗ, ಇನ್ನೊಬ್ಬ ದುಡಿಯುವವನ ಬಾಯಿಯ ಮಾತನ್ನು ಗೇಲಿ ಮಾಡಲು ನಮಗೆ ಹಕ್ಕಿಲ್ಲ.

ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯನವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಎಲ್ಲಿಂದ ತಂದಿರೋ ಅಲ್ಲಿಯೇ ಹಾಕಿ ಬನ್ನಿ ಎಂದರು. ಹೆಚ್ಚು ಜನ ಇರುವವರ ಕೈಯಲ್ಲಿ ಯಾವಾಗಲೂ ಒಂದು ಹಿಡಿ ಹೆಚ್ಚು ಅಕ್ಕಿ ಇರುತ್ತದೆ. ಕಚೇರಿಯಲ್ಲಿ, ಶಾಲೆಯಲ್ಲಿ, ಪಂಚಾಯಿತಿಯಲ್ಲಿ. ಅದು ನಮ್ಮ ಪಾಲಿನದಲ್ಲ ಎಂದು ಹೇಳುವ ಲಕ್ಕಮ್ಮ ನಮ್ಮ ಮನೆಯಲ್ಲಿ ಇದ್ದಾರೆಯೇ?

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಲಿಂಗಾಯತರಾದ ನಾವೂ ಮಾನ್ಯತೆ ಕೇಳುತ್ತಿರುವವರು. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯ ಮೇಲೆ ರಾಜ್ಯ ಸರ್ಕಾರ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಸಂವಿಧಾನದ 30ನೇ ವಿಧಿಯನ್ನು ನಾವು ಬಾಯಿಪಾಠ ಹೇಳುತ್ತೇವೆ. ಅದರಲ್ಲಿ ಧರ್ಮ ಮತ್ತು ಭಾಷೆ ಎರಡೂ ಒಂದೇ ಸಾಲಿನಲ್ಲಿ ಇವೆ. ಧರ್ಮದ ಅಲ್ಪಸಂಖ್ಯಾತರ ಹಕ್ಕು ಬೇಡುವವರು ಭಾಷೆಯ ಅಲ್ಪಸಂಖ್ಯಾತರ ಹಕ್ಕಿನ ಎದುರು ನಿಲ್ಲುವ ಹಾಗಿಲ್ಲ. 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಪ್ರತಿ ರಾಜ್ಯ ಎಂದರೆ ಕೇರಳವೂ ಹೌದು, ತೆಲಂಗಾಣವೂ ಹೌದು, ಕರ್ನಾಟಕವೂ ಹೌದು.

ನಮ್ಮ ಹೋರಾಟಕ್ಕೂ ಭಂಡಾರಿಯವರ ಬದುಕಿನಲ್ಲಿ ಪಾಠವಿದೆ. ಕೇಳಿದ್ದು ನಾಳೆಯೇ ಸಿಗದೆ ಹೋಗಬಹುದು. ವರದಿ ನಮ್ಮ ಪರವಾಗಿ ಬಂದರೂ ಕಪಾಟಿನಲ್ಲಿ ಉಳಿಯಬಹುದು. ಅಷ್ಟರಲ್ಲಿ ನಾಯಕರ ಹಾರ ತುರಾಯಿಗಳನ್ನು ಎಣಿಸುತ್ತಾ ಕೂತರೆ ಕೊನೆಗೆ ಉಳಿಯುವುದು ಬಾಡಿದ ಹೂವು. ಮಕ್ಕಳಿಗೆ ವಚನ ಓದಿಸಿದೆವೇ, ಜಾತಿಯ ಗೋಡೆ ನಮ್ಮೊಳಗೆ ಒಂದಿಷ್ಟಾದರೂ ಇಳಿಯಿತೇ, ಪಕ್ಕದ ಮನೆಯ ಕಡಿಮೆ ಜನರ ಪರವಾಗಿ ಒಂದು ಮಾತು ಆಡಿದೆವೇ, ಇದನ್ನು ಎಣಿಸಿದರೆ ಮಾನ್ಯತೆ ಬಂದ ದಿನ ಅದನ್ನು ಇಡಲು ನಮ್ಮ ಬಳಿ ಒಂದು ಭಂಡಾರ ಇರುತ್ತದೆ.

ಇಲ್ಲಿಂದ ಎದ್ದು ಹೋಗುವಾಗ ಒಂದು ಸಣ್ಣ ಕೆಲಸ ಕೇಳುತ್ತೇನೆ. ನಿಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ. ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳು ಎಷ್ಟಿದ್ದಾರೆ, ಅವರಿಗೆ ಏನು ತೊಡಕು ಎಂದು ಮೇಷ್ಟ್ರನ್ನು ಕೇಳಿ. ಸೇತುವೆಯ ಆಚೆ ನೆಂಟರಿದ್ದರೆ ಅಲ್ಲಿಯ ಕನ್ನಡ ಮಕ್ಕಳ ಪುಸ್ತಕ, ಪಾಠದ ಸ್ಥಿತಿಯನ್ನೂ ಕೇಳಿ. ಎರಡು ದಡಕ್ಕೂ ಒಂದೇ ಪ್ರಶ್ನೆ ಕೇಳುವ ಮನುಷ್ಯನ ಮಾತಿಗೆ ತೂಕ ಬರುತ್ತದೆ. ಬಾಯಾರಿದ ಮಗು ಯಾವ ಮಾತಿನಲ್ಲಿ ಕೇಳಿದರೂ ಮೊದಲು ನೀರು ಕೊಡೋಣ.